ಅಪ್ಪನ ಕರುಗಳ ವಹಿ

ಈ ಸಲದ ಸಂಚಿಕೆಗೆ "ನಮ್ಮ ಹುಡುಗ ಹುಡುಗಿಯರು ಓದುವಂಥದ್ದು ಏನಾದರೂ ಬರೆದುಕೊಡಿ ಅಕ್ಕಾ" ಎಂದು ಸಂಪಾದಕರು ಕೇಳಿದಾಗ ನನಗೆ ನಗು ಬಂತು. ಪುಣೆಯಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ನಾಲಿಗೆ ಇಟ್ಟುಕೊಂಡು ಬೆಳೆದ ನಿಮಗೆ ನಾನು ಹೇಳುವಂಥದ್ದು ಏನಿದೆ? ನನ್ನ ಹತ್ತಿರ ಇರುವುದು ಧಾರವಾಡದಲ್ಲಿ ಮಾಡಿದ ಇಂಗ್ಲಿಷ್ ಬಿ.ಎ., ಮೂವತ್ತು ಚಿಲ್ಲರೆ ವರ್ಷದ ಅಡಿಗೆ ಮನೆಯ ಅನುಭವ, ಮತ್ತು ಅಪ್ಪನ ಒಂದು ಹಳೆಯ ವಹಿ. ವಹಿ ಎಂದರೆ ಮರಾಠಿಯಲ್ಲಿ ನಿಮ್ಮ ಶಾಲೆಯ ನೋಟ್‌ಬುಕ್. ನಮ್ಮ ಇಂಡಿ ತಾಲೂಕಿನ ಕನ್ನಡದಲ್ಲಿ ಅದು ಲೆಕ್ಕದ ಪುಸ್ತಕ. ಆ ವಹಿಯ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿರುವುದು ಕರುಗಳ ತೂಕ. ನಗಬೇಡಿ, ಕೊನೆಯವರೆಗೆ ಓದಿ.

ಕ್ಯಾಂಪಿನಲ್ಲಿ ಸಂಸಾರ ಹೂಡಿದ ಹೊಸದರಲ್ಲಿ ದೀಪಾವಳಿಯ ವಸುಬಾರಸದ ದಿನ ನನಗೆ ಬಹಳ ಪೇಚಾಟವಾಗುತ್ತಿತ್ತು. ಕರುವಿರುವ ಆಕಳನ್ನು ಪೂಜಿಸಬೇಕಾದ ದಿನ ಅದು. ಎಂ.ಜಿ. ರೋಡಿನ ಹಿಂದಿನ ಗಲ್ಲಿಯಲ್ಲಿ ಆಕಳನ್ನು ಎಲ್ಲಿಂದ ತರುವುದು? ನೆರೆಯ ಮರಾಠಿ ಬಾಯಿಯ ಹಾಗೆ ನಾನೂ ಮಣೆಯ ಮೇಲೆ ಬೆಳ್ಳಿಯ ಆಕಳು-ಕರು ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದೆ. ನನ್ನ ಮಗಳು ಐದಾರು ವರ್ಷದವಳಿದ್ದಾಗ ಒಮ್ಮೆ ಆ ಬೆಳ್ಳಿ ಕರುವನ್ನು ಅಂಗೈಯಲ್ಲಿ ತೂಗಿ, "ಅಮ್ಮಾ, ನಿಜವಾದ ಕರು ಹುಟ್ಟಿದಾಗ ಎಷ್ಟು ತೂಕ ಇರ್ತದೆ?" ಎಂದು ಕೇಳಿದಳು. "ಖಿಲಾರಿ ಕರು ಆದರೆ ಇಪ್ಪತ್ತು ಕಿಲೋ, ಚೊಚ್ಚಲು ಆದರೆ ಹದಿನೇಳು" ಎಂದು ಥಟ್ಟನೆ ನನ್ನ ಬಾಯಿಂದ ಬಂತು. ಅವಳು ಬಾಯಿ ಬಿಟ್ಟು ನೋಡಿದಳು. ನಮ್ಮಮ್ಮನಿಗೆ ಇದೆಲ್ಲ ಹೇಗೆ ಗೊತ್ತು ಎಂದು!

ಗೊತ್ತಿತ್ತು, ಏಕೆಂದರೆ ನಮ್ಮ ಅಪ್ಪ ಬೆಲ್ಲ ತೂಗುವ ದೊಡ್ಡ ತಕ್ಕಡಿಯಲ್ಲಿ ಪ್ರತಿಯೊಂದು ಕರುವನ್ನೂ ತೂಗುತ್ತಿದ್ದರು. ಆಕಳು ಈದು, ಕರುವನ್ನು ನೆಕ್ಕಿ ಒಣಗಿಸಿ, ಅದು ಒಮ್ಮೆ ಹಾಲು ಕುಡಿದ ಮೇಲೆ ಗೋಣಿಚೀಲದ ಜೋಲಿಯಲ್ಲಿ ಅದನ್ನು ಮಲಗಿಸಿ ಎತ್ತುತ್ತಿದ್ದರು. ನಾನು ಕಲ್ಲು ಇಡುವವಳು, ಅಣ್ಣ ತಕ್ಕಡಿ ಹಿಡಿಯುವವನು. ಆಮೇಲೆ ಅಪ್ಪ ಕೈ ತೊಳೆದುಕೊಂಡು ವಹಿಯಲ್ಲಿ ಬರೆಯುತ್ತಿದ್ದರು: ತಾಯಿಯ ಹೆಸರು, ತಿಥಿ, ಹೋರಿಗರುವೋ ಹೆಣ್ಣುಗರುವೋ, ತೂಕ. ಮೊದಲನೇ ಸಲ ಈದ ಆಕಳಾದರೆ ಪಕ್ಕದಲ್ಲಿ "ಚೊ" ಎಂದು ಒಂದು ಅಕ್ಷರ. ಚೊಚ್ಚಲು ಎಂದು ಅದರ ಅರ್ಥ. "ಚೊಚ್ಚಲ ಕರುವನ್ನ ಮೂರನೇ ಸಲದ ಕರುವಿನ ಜೋಡಿ ಹೋಲಿಸಬಾರದವ್ವ, ಅದು ಅನ್ಯಾಯ ಆಗತದ" ಎನ್ನುತ್ತಿದ್ದರು.

ಆಗ ಇದು ಅಪ್ಪನ ಒಂದು ಹುಚ್ಚು ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ಅಮೆರಿಕದ ದೊಡ್ಡ ದೊಡ್ಡ ರ‍್ಯಾಂಚುಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ ಎಂದು. ಅಲ್ಲಿ ದನ ಸಾಕುವುದು ಮಾಂಸಕ್ಕೆ. ನಮ್ಮ ಮನಸ್ಸಿಗೆ ಅದು ಒಗ್ಗದಿರಬಹುದು, ಆದರೆ ಕರುವಿನ ತೂಕದ ವಿಷಯದಲ್ಲಿ ಅವರಷ್ಟು ಲೆಕ್ಕ ಇಟ್ಟವರು ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಕರುವನ್ನು ತೂಗುತ್ತಾರೆ. ತಾಯಿಗೆ ಎರಡು ವರ್ಷವಾಗಿದ್ದರೆ ಕರುವಿನ ತೂಕಕ್ಕೆ 8 ಪೌಂಡ್ ಸೇರಿಸುತ್ತಾರೆ, ಮೂರು ವರ್ಷವಾಗಿದ್ದರೆ 5, ನಾಲ್ಕಾಗಿದ್ದರೆ 2. ಐದರಿಂದ ಹತ್ತು ವರ್ಷದ ತಾಯಿಗೆ ಏನೂ ಸೇರಿಸುವುದಿಲ್ಲ. ಎಳೆಯ ತಾಯಿಯ ಕರು ಸಣ್ಣದಾಗಿ ಹುಟ್ಟುವುದು ಸಹಜ, ಅದರಿಂದ ಕರುವಿನ ತಳಿಗೆ ಕೆಟ್ಟ ಹೆಸರು ಬರಬಾರದು ಎಂದು ಈ ಏರ್ಪಾಡು. ಇಂಗ್ಲಿಷ್ ಬಾರದ ನಮ್ಮ ಅಪ್ಪನ "ಚೊ" ಅಕ್ಷರವೂ ಇದೇ ಕೆಲಸ ಮಾಡುತ್ತಿತ್ತು.

ಈಗ ನೀವು ಕೇಳಬಹುದು, ತೂಕ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂದು. ಅಲ್ಲ. ಅದಕ್ಕೆ ನಾನು ಗೌರಿಯ ಕಥೆ ಹೇಳಬೇಕು.

1987ನೇ ಇಸವಿ. ನಾನು ಪಿ.ಯು.ಸಿ. ಓದುತ್ತಿದ್ದೆ. ನಮ್ಮ ಖಿಲಾರಿ ಆಕಳಿನ ಮಗಳು ಗೌರಿ, ಹಾಲಿನಂಥ ಬಿಳಿ ಬಣ್ಣ, ಆಗತಾನೇ ಹಿಂದಕ್ಕೆ ಬಾಗುತ್ತಿದ್ದ ಕೊಂಬು. ಖಿಲಾರಿ ದನ ನಿಮಗೆ ಗೊತ್ತಿರಬಹುದು. ಸೊಲ್ಲಾಪುರ, ಸಾಂಗಲಿ, ಸಾತಾರಾ ಕಡೆಗೂ ನಮ್ಮ ವಿಜಾಪುರ, ಬೆಳಗಾವಿ ಕಡೆಗೂ ಇರುವ ತಳಿ. ಗಡಿ ಗೊತ್ತಿಲ್ಲದ ಪ್ರಾಣಿ! ಎತ್ತುಗಳು ಓಟಕ್ಕೆ, ದುಡಿತಕ್ಕೆ ಹೆಸರಾದವು, ಆದರೆ ಆಕಳು ಕೊಡುವ ಹಾಲು ಕರುವಿಗೂ ಮನೆಯ ಚಹಾಕ್ಕೂ ಸಾಕಾದರೆ ಪುಣ್ಯ. ಆ ಹೊತ್ತಿಗೆ ಊರೂರಲ್ಲಿ ಮಿಶ್ರತಳಿಯ ಮಾತು ಶುರುವಾಗಿತ್ತು. ಇಲ್ಲೇ ನಮ್ಮ ಪುಣೆಯ ಹತ್ತಿರದ ಉರುಳಿ ಕಾಂಚನದಲ್ಲಿ, 1946ರಲ್ಲಿ ಗಾಂಧೀಜಿ ನಿಸರ್ಗೋಪಚಾರ ಆಶ್ರಮ ತೆರೆದ ಊರಿನಲ್ಲಿ, ಅವರ ಶಿಷ್ಯ ಮಣಿಭಾಯಿ ದೇಸಾಯಿಯವರು 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿ, ಜರ್ಸಿ, ಹೋಲ್‌ಸ್ಟೀನ್ ಹೋರಿಗಳ ವೀರ್ಯವನ್ನು ರೈತನ ಮನೆ ಬಾಗಿಲಿಗೇ ಒಯ್ಯುವ ಕೆಲಸ ಹಿಡಿದಿದ್ದರು. ಬಡವನ ಮನೆಯಲ್ಲಿ ಹಾಲಿನ ರೊಕ್ಕ ಬರಲಿ ಎಂಬುದು ಅವರ ಆಸೆ. 1982ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅವರ ಕೆಲಸದಿಂದ ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ನಿಜ.

ಅಪ್ಪನಿಗೂ ಆಸೆ ಹುಟ್ಟಿತು. ಗೌರಿಗೆ ಹೋಲ್‌ಸ್ಟೀನ್ ಕೊಡಿಸಬೇಕು, ಮುಂದಿನ ಪೀಳಿಗೆ ಬಕೆಟ್ಟುಗಟ್ಟಲೆ ಹಾಲು ಕೊಡಬೇಕು ಎಂದು. ಅದನ್ನು ಮಾಡುವ ಮನುಷ್ಯ ಗೌರಿಯನ್ನು ನೋಡಿ, "ಗೌಡ್ರ, ಮಣಕ ಇನ್ನಾ ಸಣ್ಣದದ. ಒಂದು ವರ್ಷ ತಡೀರಿ, ಇಲ್ಲಾಂದ್ರ ಮೊದಲನೇ ಸಲ ನಮ್ಮ ಖಿಲಾರಿ ಹೋರಿನೇ ಇರಲಿ" ಎಂದ. ಅವನು ಹೇಳಿದ್ದು ಸರಿ ಇತ್ತು. ಮಣಕ ತನ್ನ ಪೂರ್ತಿ ಬೆಳವಣಿಗೆಯ ತೂಕದಲ್ಲಿ ನೂರಕ್ಕೆ 60-65ರಷ್ಟನ್ನಾದರೂ ಮುಟ್ಟುವವರೆಗೆ ಗಬ್ಬ ಮಾಡಿಸಬಾರದು ಎಂಬುದು ಇಂದಿಗೂ ಪಶುವೈದ್ಯರು ಹೇಳುವ ಮಾತು. ಆದರೆ ಅಪ್ಪ ಕೇಳಲಿಲ್ಲ. ಅಕ್ಕನ ಮದುವೆಯ ಸಾಲ ಇತ್ತು, ಅವಸರ ಇತ್ತು.

ಒಂಬತ್ತು ತಿಂಗಳ ಮೇಲೆ ಹತ್ತು ದಿನಕ್ಕೆ ಗೌರಿಗೆ ನೋವು ಶುರುವಾಯಿತು. ಸಂಜೆ ಆರಕ್ಕೆ ನೀರಿನ ಚೀಲ ಒಡೆಯಿತು, ಎರಡು ಮುಂಗಾಲು ಕಂಡವು. ಅಷ್ಟೇ. ಅಲ್ಲಿಂದ ಮುಂದೆ ಏನೂ ಸರಿಯಲಿಲ್ಲ. ಅಣ್ಣ ತಾಲೂಕಿಗೆ ಸೈಕಲ್ ಹೊಡೆದ. ಅವ್ವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಪ್ರಯತ್ನಿಸಿದಳು. ಕಂದೀಲು ಹಿಡಿದು ನಿಂತಿದ್ದ ನನಗೆ ಗೌರಿಯ ಕಣ್ಣು ಮಾತ್ರ ಕಾಣುತ್ತಿತ್ತು. ಡಾಕ್ಟರು ಬರುವ ಹೊತ್ತಿಗೆ ಮಧ್ಯರಾತ್ರಿ ದಾಟಿತ್ತು. ಅವರು ಹಗ್ಗ ಹಾಕಿ ಕರುವನ್ನು ಎಳೆದು ತೆಗೆದರು. ಹೋರಿಗರು, ಕಪ್ಪು ಬಿಳುಪು ಬಣ್ಣ, ಸತ್ತಿತ್ತು. ಬೆಳಗಾಗುವುದರೊಳಗೆ ಗೌರಿಯೂ ಹೋದಳು.

ಅಪ್ಪ ಅಂದು ಒಂದು ಕೆಲಸ ಮಾಡಿದರು. ಆ ಸತ್ತ ಕರುವನ್ನು ತಕ್ಕಡಿಗೆ ಹಾಕಿ ತೂಗಿದರು. ನಾನೇ ಕಲ್ಲು ಇಟ್ಟೆ. 28 ಕಿಲೋ. ವಹಿಯಲ್ಲಿ "ಗೌರಿ, ಚೊ, ಹೋರಿ, 28" ಎಂದು ಬರೆದು, ವಹಿಯನ್ನು ಮುಚ್ಚಿ ಜಂತಿಯ ಮೇಲೆ ಇಟ್ಟರು. ಆಮೇಲೆ ನಮ್ಮ ಮನೆಯಲ್ಲಿ ಎಷ್ಟೋ ಕರು ಹುಟ್ಟಿದವು, ಒಂದನ್ನೂ ತೂಗಲಿಲ್ಲ.

ಈ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವರು ಕ್ಯಾಂಪಿನ ನಮ್ಮ ನೆರೆಯ ಒಬ್ಬ ಹಿರಿಯರು. ಮಿಲಿಟರಿ ಡೇರಿ ಫಾರ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದವರು. ಸೈನ್ಯಕ್ಕೆ ಹಾಲು ಒದಗಿಸಲು ಬ್ರಿಟಿಷರು 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಫಾರ್ಮ್ ತೆರೆದರು. ನಮ್ಮ ಪಿಂಪ್ರಿಯಲ್ಲೂ ಒಂದಿತ್ತು. ಈ ಫಾರ್ಮುಗಳಲ್ಲಿಯೇ 1985ರಿಂದ ಹೋಲ್‌ಸ್ಟೀನ್ ಮತ್ತು ಸಾಹಿವಾಲ್ ಸೇರಿಸಿ ಫ್ರೀಸ್ವಾಲ್ ಎಂಬ ತಳಿ ಬೆಳೆಸಿದರು. 2021ರ ಮಾರ್ಚ್ 31ಕ್ಕೆ ಎಲ್ಲ ಫಾರ್ಮುಗಳೂ ಮುಚ್ಚಿದವು, 132 ವರ್ಷದ ಕಥೆ ಮುಗಿಯಿತು. ಆ ಹಿರಿಯರು ಚಹಾ ಕುಡಿಯುತ್ತ ಹೇಳುತ್ತಿದ್ದರು: "ನೋಡಮ್ಮಾ, ಕರುವಿನ ತೂಕ ತಾಯಿಯ ತೂಕದ ನೂರಕ್ಕೆ ಏಳರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಜರ್ಸಿ ಕರು 25 ಕಿಲೋ, ಶುದ್ಧ ಹೋಲ್‌ಸ್ಟೀನ್ ಕರು 40 ಕಿಲೋ. ಹೋಲ್‌ಸ್ಟೀನ್ ತಾಯಿಗೆ 40 ದೊಡ್ಡದಲ್ಲ, ಅವಳೇ ಆರು ಕ್ವಿಂಟಲ್ ಇರುತ್ತಾಳೆ. ನಿನ್ನ ಗೌರಿ ಎಷ್ಟಿದ್ದಳು?"

ಅಪ್ಪನ ವಹಿಯಲ್ಲಿ ಅದೂ ಇತ್ತು. ಗೌರಿ ಈಯುವ ತಿಂಗಳ ಮುಂಚೆ ದರ್ಜಿಯ ಟೇಪಿನಿಂದ ಅಳೆದದ್ದು: ಎದೆಯ ಸುತ್ತಳತೆ 56 ಇಂಚು, ಉದ್ದ 50 ಇಂಚು. ತಕ್ಕಡಿಗೆ ಹಾಕಲಾಗದ ದನವನ್ನು ತೂಗುವ ಸೂತ್ರ ಇದು, ಗಣಿತ ಬಲ್ಲ ನೀವು ಮಾಡಿ ನೋಡಿ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. 56ನ್ನು 56ರಿಂದ ಗುಣಿಸಿದರೆ 3136, ಅದನ್ನು 50ರಿಂದ ಗುಣಿಸಿ 300ರಿಂದ ಭಾಗಿಸಿದರೆ ಹತ್ತಿರ ಹತ್ತಿರ 523 ಪೌಂಡ್, ಅಂದರೆ 237 ಕಿಲೋ. ಅದರ ನೂರಕ್ಕೆ ಏಳು ಎಂದರೆ ಹದಿನಾರೂವರೆ ಕಿಲೋ. ಅವಳ ಹೊಟ್ಟೆಯಲ್ಲಿದ್ದದ್ದು 28. ಲೆಕ್ಕ ಇಷ್ಟು ಸರಳ ಇತ್ತು.

"ಹಾಗಾದರೆ ತಂದೆಯದೇ ತಪ್ಪೋ?" ಎಂದು ನಾನು ಕೇಳಿದ್ದೆ. ಅದಕ್ಕೆ ಅವರು ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. 1938ರಲ್ಲಿ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಇಬ್ಬರು ವಿಜ್ಞಾನಿಗಳು ಶೈರ್ ಎಂಬ ಆನೆಯಂಥ ಕುದುರೆಯನ್ನೂ ಶೆಟ್‌ಲೆಂಡ್ ಎಂಬ ಕುಳ್ಳ ಕುದುರೆಯನ್ನೂ ಕೃತಕ ಗರ್ಭಧಾರಣೆಯಿಂದ ಬೆರೆಸಿದರು. ತಾಯಿ ಕುಳ್ಳ, ತಂದೆ ದೊಡ್ಡ. ತಾಯಿ ದೊಡ್ಡ, ತಂದೆ ಕುಳ್ಳ, ಹೀಗೆ ಎರಡೂ ಬಗೆ. ಎರಡರಲ್ಲೂ ರಕ್ತ ಅರ್ಧ ಅರ್ಧವೇ. ಆದರೆ ದೊಡ್ಡ ತಾಯಿಗೆ ಹುಟ್ಟಿದ ಮರಿ ಕುಳ್ಳ ತಾಯಿಗೆ ಹುಟ್ಟಿದ ಮರಿಯ ಮೂರು ಪಟ್ಟು ತೂಕವಿತ್ತು! ಗರ್ಭ ತನ್ನ ಶಕ್ತಿ ನೋಡಿಕೊಂಡು ಮಗುವಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಆಕಳಿನಲ್ಲೂ ಹೀಗೆಯೇ, ಆದರೆ ಆ ಕಡಿವಾಣಕ್ಕೂ ಒಂದು ಮಿತಿ ಇದೆ. ಗೌರಿ ತನ್ನ ಕೈಲಾದಷ್ಟು ತಡೆದಿರಬೇಕು. 28 ಎಂಬುದು ತಡೆದ ಮೇಲಿನ ಅಂಕಿ.

ಅಮೆರಿಕದಲ್ಲಿ ಬ್ರಾಹ್ಮನ್ ಎಂಬ ದನದ ತಳಿ ಇದೆ, ಹೆಸರು ಕೇಳಿ ಬೆಚ್ಚಬೇಡಿ. ನಮ್ಮ ಗೀರ್, ಗುಜರಾತಿನ ಕಾಂಕ್ರೇಜ್, ನೆಲ್ಲೂರಿನ ದನ ಮತ್ತು ಸ್ವಲ್ಪ ಪಾಲು ನಮ್ಮದೇ ಕೃಷ್ಣಾ ಕಣಿವೆಯ ದನ ಸೇರಿ ಆದ ತಳಿ ಅದು. ನಿಮ್ಮ ಅಣ್ಣ ಅಕ್ಕಂದಿರು ಹೋಗುವ ಎಷ್ಟೋ ಮುಂಚೆ ನಮ್ಮ ದನ ಅಮೆರಿಕಕ್ಕೆ ಹೋಗಿ ನೆಲೆಸಿತ್ತು! ಅಲ್ಲಿಯವರು ಕಂಡುಕೊಂಡದ್ದು ಏನೆಂದರೆ, ಬ್ರಾಹ್ಮನ್ ಹೋರಿಯನ್ನು ಅಲ್ಲಿನ ಆಕಳಿಗೆ ಕೂಡಿಸಿದರೆ ಕರು ಭಾರಿ ಹುಟ್ಟುತ್ತದೆ. ಬ್ರಾಹ್ಮನ್ ಆಕಳಿಗೆ ಅಲ್ಲಿನ ಹೋರಿಯನ್ನು ಕೂಡಿಸಿದರೆ ಕರು ಸಣ್ಣದಾಗಿ, ಸಲೀಸಾಗಿ ಹುಟ್ಟುತ್ತದೆ. ಈಗ ಅಲ್ಲಿ ಹೋರಿ ಕೊಳ್ಳುವಾಗ ಅದರ ಕರುಗಳ ಹುಟ್ಟುತೂಕದ ಅಂದಾಜು ಎಷ್ಟು, ಹೆರಿಗೆ ಎಷ್ಟು ಸಲೀಸು ಎಂಬ ಅಂಕಿಗಳನ್ನು ನೋಡಿಯೇ ಕೊಳ್ಳುತ್ತಾರೆ, ಅದರಲ್ಲೂ ಮಣಕಗಳಿಗಾಗಿ.

ಈಗ ನನ್ನ ಸ್ವಂತ ಕಥೆಗೆ ಬರುತ್ತೇನೆ. 1994ರಲ್ಲಿ ನಾನು ಬಸುರಿ. ಕ್ಯಾಂಪಿನ ಎರಡು ಕೋಣೆಯ ಮನೆ, ಊರಿಂದ ದೂರ, ಹತ್ತಿರದಲ್ಲಿ ಹಿರಿಯರಿಲ್ಲ. ಬಂದ ಬಂದ ಹೆಂಗಸರೆಲ್ಲ ಒಂದೇ ಮಾತು: "ಜಾಸ್ತಿ ತಿನ್ನಬೇಡ, ಕೂಸು ದೊಡ್ಡದಾದರೆ ಹೆರಿಗೆ ಕಷ್ಟ." ಗೌರಿಯ ಕಣ್ಣು ನೋಡಿದ್ದ ನನಗೆ ಈ ಮಾತು ಎದೆಗೆ ನಾಟಿತು. ಕೊನೆಯ ಮೂರು ತಿಂಗಳು ನಾನು ನಿಜವಾಗಿಯೂ ಊಟ ಕಡಿಮೆ ಮಾಡಿದೆ. ಯಾರಿಗೂ ಹೇಳಲಿಲ್ಲ. ಮಗಳು ಹುಟ್ಟಿದಳು, 2 ಕಿಲೋ 400 ಗ್ರಾಂ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಶಿಶು ಎಂದು ಲೆಕ್ಕ. ನರ್ಸು ಅಂಕಿಯನ್ನು ಓದಿ ಹೇಳಿದಾಗ ನಾನು ಗೋಡೆಗೆ ಮುಖ ತಿರುಗಿಸಿ ಅತ್ತೆ.

ಅದೇ ಸಮಯದಲ್ಲಿ ಇದೇ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕರ ತಂಡ, 1993ರಿಂದ ಸುತ್ತಲಿನ ಆರು ಹಳ್ಳಿಗಳ ಬಸುರಿಯರನ್ನು ಅಭ್ಯಾಸ ಮಾಡುತ್ತಿತ್ತು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮೂರೂವರೆ. ಹಸಿರು ಸೊಪ್ಪು, ಹಣ್ಣು, ಹಾಲನ್ನು ಮೇಲಿಂದ ಮೇಲೆ ತಿಂದ ತಾಯಂದಿರ ಮಕ್ಕಳು ದೊಡ್ಡದಾಗಿ ಹುಟ್ಟಿದ್ದವು ಎಂದು 2001ರಲ್ಲಿ ಪ್ರಕಟವಾಯಿತು. ದನದ ಲೆಕ್ಕವೂ ಇದನ್ನೇ ಹೇಳುತ್ತದೆ. ಹುಟ್ಟುವ ಕರುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಹಾಗೆಂದು ಆ ಹೊತ್ತಿನಲ್ಲಿ ಆಕಳನ್ನು ಉಪವಾಸ ಕೆಡವಿದರೆ ಹೆರಿಗೆ ಸಲೀಸಾಗುವುದಿಲ್ಲ. ತಾಯಿಗೆ ನೂಕುವ ಶಕ್ತಿ ಇರುವುದಿಲ್ಲ, ಕರು ಬಡಕಲಾಗುತ್ತದೆ, ಗಿಣ್ಣದ ಹಾಲೂ ಇಳಿಯುತ್ತದೆ. ಕರುವನ್ನು ಸಣ್ಣದು ಮಾಡುವ ದಾರಿ ಹೋರಿಯನ್ನು ಆರಿಸುವುದರಲ್ಲಿದೆ, ತಾಯಿಯ ಮೇವು ಕಸಿಯುವುದರಲ್ಲಿಲ್ಲ. ಇದನ್ನು ಯಾರಾದರೂ ನನಗೆ 1994ರಲ್ಲಿ ಹೇಳಿದ್ದರೆ! ನಮ್ಮ ಹುಡುಗಿಯರೇ, ಮುಂದೆ ನಿಮ್ಮ ಸರದಿ ಬಂದಾಗ ಬಂದವರ ಮಾತು ಕೇಳಿ ತಟ್ಟೆ ಸರಿಸಬೇಡಿ, ಡಾಕ್ಟರನ್ನು ಕೇಳಿ.

ಮಗಳಿಗೆ ಹನ್ನೆರಡು ದಿನವಾದಾಗ ಅಪ್ಪ ಊರಿಂದ ಬಂದರು. ಧೋತರದ ಗಂಟಿನಲ್ಲಿ ಅವ್ವ ಕಳಿಸಿದ ಅಂಟಿನುಂಡಿ, ಮೆಂತ್ಯದ ಉಂಡಿ. ಕೂಸನ್ನು ಎರಡು ಕೈಯಲ್ಲಿ ಎತ್ತಿ ತಕ್ಕಡಿಯ ಹಾಗೆ ಮೇಲೆ ಕೆಳಗೆ ಮಾಡಿ, "ಎಷ್ಟಂದ್ರು?" ಎಂದು ಕೇಳಿದರು. ನಾನು ತಲೆ ತಗ್ಗಿಸಿ ಹೇಳಿದೆ. ಊಟ ಬಿಟ್ಟದ್ದನ್ನೂ ಹೇಳಿದೆ, ಗೌರಿ ನೆನಪಾಗಿ ಹೆದರಿದ್ದೆ ಎಂದೂ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಚೀಲಕ್ಕೆ ಕೈ ಹಾಕಿ ಆ ವಹಿಯನ್ನು ತೆಗೆದರು. ಏಳು ವರ್ಷ ಜಂತಿಯ ಮೇಲಿದ್ದ ಹೊಗೆಯ ಬಣ್ಣದ ವಹಿ. ಗೌರಿಯ ಸಾಲಿನ ಕೆಳಗೆ ಒಂದು ಸಾಲು ಬಿಟ್ಟು ಬರೆದರು: "ಪುಣೆ. ಚೊ. ಹೆಣ್ಣು. 2 ಕಿಲೋ 400." ಬರೆದು, ಆ "ಚೊ" ಅಕ್ಷರದ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. "ತಪ್ಪು ನಂದಿತ್ತವ್ವ, ಗೌರಿದೂ ಅಲ್ಲ, ನಿಂದೂ ಅಲ್ಲ. ಉಣ್ಣು ಇನ್ನ" ಎಂದರು. ಗೌರಿಯ ವಿಷಯ ಅವರು ಬಾಯಿ ಬಿಟ್ಟು ಆಡಿದ್ದು ಅದೊಂದೇ ಸಲ. ಊರಿಗೆ ಹೋದ ಮೇಲೆ ಮತ್ತೆ ಕರುಗಳನ್ನು ತೂಗಲು ಶುರು ಮಾಡಿದರಂತೆ. 2009ರಲ್ಲಿ ಅವರು ತೀರಿಕೊಂಡ ವರ್ಷದವರೆಗೂ ವಹಿ ತುಂಬಿದೆ.

ಹೋದ ದೀಪಾವಳಿಗೆ ನಾನೂ ಮಗಳೂ ಊರಿಗೆ ಹೋಗಿದ್ದೆವು. ಅಣ್ಣನ ಮಗ ಈಗ ನಾಲ್ಕು ಮಿಶ್ರತಳಿ ಆಕಳು ಸಾಕಿದ್ದಾನೆ. ಕಿವಿಯಲ್ಲಿ ಹಳದಿ ಬಿಲ್ಲೆ, ಅದರಲ್ಲಿ ಹನ್ನೆರಡು ಅಂಕಿಯ ನಂಬರು. ಅವನು ಮಣಕಗಳಿಗೆ ಮೊದಲ ಸಲ ಜರ್ಸಿಯನ್ನೇ ಕೊಡಿಸುತ್ತಾನೆ, ಅಜ್ಜನ ಕಥೆ ಅವನಿಗೂ ಗೊತ್ತು. ಪಾಡ್ಯದ ಬೆಳಗ್ಗೆ ಒಂದು ಮಣಕ ಈದಿತು, ಮುಕ್ಕಾಲು ಗಂಟೆಯಲ್ಲಿ, ಯಾರೂ ಕೈ ಹಾಕದೆ. ತಕ್ಕಡಿ ಎಂದೋ ಹಳೆ ಕಬ್ಬಿಣದವನ ಪಾಲಾಗಿತ್ತು. ನನ್ನ ಮಗಳು ಅತ್ತಿಗೆಯ ಕೋಣೆಯಿಂದ ಮನುಷ್ಯರು ತೂಕ ನೋಡಿಕೊಳ್ಳುವ ಯಂತ್ರ ತಂದಳು. ಕರುವನ್ನು ಎತ್ತಿಕೊಂಡು ನಿಂತಾಗ 79, ಕರುವನ್ನು ಬಿಟ್ಟು ನಿಂತಾಗ 56. ಕರು 23 ಕಿಲೋ! "ನನ್ನ ತೂಕ ಯಾರೂ ಬರೆದುಕೊಳ್ಳಬೇಡಿ" ಎಂದು ಅವಳು ಕೂಗಿದ್ದಕ್ಕೆ ಎಲ್ಲರೂ ನಕ್ಕರು.

"ಹಾಗಾದರೆ ಮೊದಲ ದಿನ ಎರಡೂಕಾಲು ಲೀಟರ್ ಗಿಣ್ಣ ಅದಕ್ಕೇ" ಎಂದು ಅಣ್ಣನ ಮಗ ಬಟ್ಟಲು ಅಳೆದ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯರ ಹಾಗೆ ಅದು ಹೊಕ್ಕುಳ ಬಳ್ಳಿಯಿಂದ ಬರುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಪಾಲು, ಅದರಲ್ಲೂ ಮೊದಲ ಕುಡಿತ ಒಂದೆರಡು ಗಂಟೆಯೊಳಗೆ. ಪುಣೆಯ ಅಂಗಡಿಯಲ್ಲಿ ನೀವು ಖರವಸ ತಿನ್ನುವಾಗ ಇದನ್ನು ನೆನೆಸಿಕೊಳ್ಳಿ. ಕರು ಕುಡಿದು ಉಳಿದದ್ದು ಮಾತ್ರ ನಮ್ಮದು.

ಮಗಳು ವಹಿ ಕೇಳಿದಳು. ಕ್ಯಾಂಪಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡ ಮಾತಾಡುತ್ತಾಳೆ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅಜ್ಜನ ಅಂಕಿಗಳೆಲ್ಲ ಕನ್ನಡ ಅಂಕಿಗಳು, ಅವು ಅವಳಿಗೆ ಬಾರವು. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ನಾನು ಒಂದೊಂದಾಗಿ ತೋರಿಸಿದೆ. ಪುಟ ತಿರುಗಿಸುತ್ತ ಹೋಗಿ ಅವಳು ಒಂದು ಸಾಲಿನ ಹತ್ತಿರ ನಿಂತಳು. "ಅಮ್ಮಾ, ಇದು ಪುಣೆ ಅಂತ ಇದೆಯಲ್ಲ? ಇದು ನಾನಾ? ಆಕಳುಗಳ ನಡುವೆ?" ಎಂದಳು. ಅದರ ಮೇಲಿನ ಸಾಲು ಯಾರದು ಎಂದು ಕೇಳಿದಳು. ಅಂದು ಮೊದಲ ಸಲ ಅವಳಿಗೆ ಗೌರಿಯ ಕಥೆಯನ್ನೂ ನನ್ನ ಉಪವಾಸದ ಕಥೆಯನ್ನೂ ಪೂರ್ತಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ನನ್ನ ಹೆಗಲಿಗೆ ತಲೆ ಇಟ್ಟಳು. ಆಮೇಲೆ ಪೆನ್ನು ತೆಗೆದುಕೊಂಡು, ಕೈ ನಡುಗದ ಹಾಗೆ ಹಿಡಿದು, ಕೊನೆಯ ಪುಟದಲ್ಲಿ ಬರೆದಳು: ಚೊ. ಹೆಣ್ಣು. ೨೩.

ಮಕ್ಕಳೇ, ರಜೆಗೆ ಊರಿಗೆ ಹೋದಾಗ ನೀವೂ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ನಿಮ್ಮ ಮನೆಯಲ್ಲೂ ಯಾವುದಾದರೂ ವಹಿ ಜಂತಿಯ ಮೇಲೆ ಇದೆಯೇ ಎಂದು. ಕರುವೇ ಆಗಬೇಕೆಂದಿಲ್ಲ, ಮಳೆಯದೋ, ಬೆಲ್ಲದ ದರದ್ದೋ, ಬಾವಿಯ ನೀರಿನದೋ ಇರಬಹುದು. ಸಿಕ್ಕರೆ ಓದಿಸಿಕೊಳ್ಳಿ. ಓದಲು ಬಾರದಿದ್ದರೆ ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ, ಅಂಕಿ ನಾನು ಹೇಳಿಕೊಡುತ್ತೇನೆ. ಚಹಾ, ಚುರುಮುರಿ ಇದ್ದೇ ಇರುತ್ತದೆ.